ಹೂಮಳೆಯ ಲೆಕ್ಕ ಮತ್ತು ಮರೆಯಲ್ಲಿ ನಿಲ್ಲುವ ಗಣಕ: ದಕ್ಷಿಣ ಕೊಡಗಿನ ಒಂದು ರೋಬಸ್ಟಾ ತೋಟದ ಪ್ರಕರಣ ಅಧ್ಯಯನ

ರೋಬಸ್ಟಾ ಕಾಫಿ ಬೆಳೆಯುವವರ ಒಂದು ವರ್ಷದ ಫಸಲನ್ನು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಕೆಲವೇ ಸಂಜೆಗಳು ತೀರ್ಮಾನಿಸುತ್ತವೆ. ಕೊಯ್ಲು ಮುಗಿದು, ಬಿಸಿಲಿಗೆ ಗಿಡ ಬಾಡಿ, ಗೆಣ್ಣುಗಳಲ್ಲಿ ಮೊಗ್ಗು ಕಚ್ಚಿ ಕುಳಿತಿರುವ ಹೊತ್ತಿನಲ್ಲಿ ಸುಮಾರು ಒಂದು ಇಂಚು ಹೂಮಳೆ ಸುರಿದರೆ ಎಂಟು ಹತ್ತು ದಿನಗಳಲ್ಲಿ ಇಡೀ ತೋಟ ಒಟ್ಟಿಗೆ ಅರಳುತ್ತದೆ. ಬಿದ್ದದ್ದು ಅರೆಬರೆ ಮಳೆಯಾದರೆ ಮೊಗ್ಗು ಎಚ್ಚೆತ್ತೂ ಅರಳಲಾರದೆ ಕಮರಿಹೋಗುತ್ತದೆ. ಆಗ ಕೊರತೆಯಾದ ನೀರನ್ನು ಆದಷ್ಟು ಬೇಗ ಸ್ಪ್ರಿಂಕ್ಲರ್ ಮೂಲಕ ಕೊಡಲೇಬೇಕು. ಏನೂ ಬೀಳದಿದ್ದರೆ ಮೊಗ್ಗು ಇನ್ನೂ ಕೆಲವು ದಿನ ಕಾಯಬಲ್ಲದು. ಆದುದರಿಂದ ಬೆಳೆಗಾರನಿಗೆ ಬೇಕಾದದ್ದು ನಾಳೆಯ ಹವಾಮಾನ ಮುನ್ಸೂಚನೆಗಿಂತ ಹೆಚ್ಚಾಗಿ ನಿನ್ನೆಯ ಸತ್ಯ: ತೋಟದ ಯಾವ ಭಾಗದಲ್ಲಿ, ಅಂದರೆ ಯಾವ ಬ್ಲಾಕಿನಲ್ಲಿ, ಎಷ್ಟು ಸೆಂಟ್ ಮಳೆ ಬಿತ್ತು?

ಕೊಡಗಿನ ತೋಟಗಳಲ್ಲಿ ಮಳೆಯನ್ನು ಇಂಚು ಮತ್ತು ಸೆಂಟ್‌ಗಳಲ್ಲಿ ಅಳೆಯುತ್ತಾರೆ. ನೂರು ಸೆಂಟ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಬಂಗಲೆಯ ಮುಂದಿನ ಬಯಲಿನಲ್ಲಿ ಒಂದು ಮಳೆಮಾಪಕ, ಬೆಳಿಗ್ಗೆ ಅದರ ನೀರನ್ನು ಗಾಜಿನ ಅಳತೆಗೆ ಸುರಿದು ಡೈರಿಯಲ್ಲಿ ಬರೆದಿಡುವ ರೂಢಿ, ತಲೆಮಾರುಗಳಿಂದ ಜೋಪಾನವಾಗಿರುವ ಆ ಡೈರಿಗಳ ಸಾಲು, ಇವು ಇಲ್ಲಿನ ಎಷ್ಟೋ ಮನೆಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಆದರೆ ಬೇಸಿಗೆಯ ಗುಡುಗು ಮಳೆ ಹಾದಿ ನೋಡಿ ಬೀಳುವುದಿಲ್ಲ. ಬಂಗಲೆಯ ಬಳಿ ಅರವತ್ತು ಸೆಂಟ್ ಬಿದ್ದ ಸಂಜೆಯೇ ಗುಡ್ಡದ ಆಚೆಬದಿಯಲ್ಲಿ ಹತ್ತು ಸೆಂಟೂ ಬಿದ್ದಿರುವುದಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ದೂರಸಂವೇದಿ ಮಳೆಮಾಪಕಗಳನ್ನು ನಿಲ್ಲಿಸಿರುವುದು ದೊಡ್ಡ ಉಪಕಾರವೇ ಸರಿ. ಆದರೂ ಪಂಚಾಯಿತಿಗೊಂದು ಮಾಪಕ ಈ ಪ್ರಶ್ನೆಗೆ ಉತ್ತರ ಹೇಳಲಾರದು.

ಇಲ್ಲಿ ಚರ್ಚಿಸುತ್ತಿರುವುದು ಸಿದ್ದಾಪುರ ಮತ್ತು ಅಮ್ಮತ್ತಿ ಕಡೆಯ ಒಂದು ಮಧ್ಯಮ ಗಾತ್ರದ ರೋಬಸ್ಟಾ ತೋಟದ ಅನುಭವವನ್ನು. ತಗ್ಗಿನಲ್ಲಿ ಒಂದು ಕೆರೆ, ಅದರ ಪಕ್ಕ ಡೀಸೆಲ್ ಪಂಪ್‌ಸೆಟ್, ಹೆಗಲ ಮೇಲೆ ಹೊತ್ತು ಬ್ಲಾಕಿನಿಂದ ಬ್ಲಾಕಿಗೆ ಸಾಗಿಸುವ ಅಲ್ಯೂಮಿನಿಯಂ ಪೈಪುಗಳು, ಒಂದು ಬದಿಗೆ ದೇವರಕಾಡು. ಪಂಪ್ ಒಂದೇ ಇರುವುದರಿಂದ ಎಲ್ಲ ಬ್ಲಾಕಿಗೂ ಏಕಕಾಲಕ್ಕೆ ನೀರು ಹೊಡೆಯುವಂತಿಲ್ಲ. ಯಾವುದು ಮೊದಲು ಎಂಬುದೇ ಇಲ್ಲಿನ ನಿರ್ಧಾರ. ಇದನ್ನು ಸಲೀಸುಗೊಳಿಸಲು ಮಾಲೀಕರು ಬ್ಲಾಕಿಗೊಂದರಂತೆ ಸ್ವಯಂಚಾಲಿತ ಮಳೆಮಾಪಕಗಳನ್ನೂ ಮಣ್ಣಿನ ತೇವಾಂಶ ಅಳೆಯುವ ಸೆನ್ಸರ್‌ಗಳನ್ನೂ ಒಂದು ಸಂಸ್ಥೆಯಿಂದ ಹಾಕಿಸಿದರು. ಅದರ ಮುಂದಿನ ಪುನಾರಚನೆಯಲ್ಲಿ ನಾನು ಸಲಹೆಗಾರನಾಗಿ ಪಾಲ್ಗೊಂಡೆ. ತೋಟದ ಹೆಸರನ್ನಾಗಲಿ ಸಂಸ್ಥೆಯ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಪ್ರಕರಣದ ತಿರುಳಿಗೆ ಅದರ ಅಗತ್ಯವೂ ಇಲ್ಲ.

ಈ ಪ್ರಕರಣ ಅರ್ಥವಾಗಬೇಕಾದರೆ ಸಂಸ್ಥೆಯ ವಿನ್ಯಾಸದ ಹಿಂದಿದ್ದ ಆಲೋಚನೆ ಎಲ್ಲಿಂದ ಬಂತು ಎಂಬುದನ್ನು ನೋಡಬೇಕು. 1980ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಮಾರ್ಕ್ ವೈಸರ್ ಮತ್ತು ಅವರ ಸಹೋದ್ಯೋಗಿಗಳು ಸರ್ವವ್ಯಾಪಿ ಕಂಪ್ಯೂಟಿಂಗ್ ಎಂಬ ಕಲ್ಪನೆಗೆ ರೂಪ ಕೊಟ್ಟರು. 1991ರ ಸೆಪ್ಟೆಂಬರಿನಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಪ್ರಕಟವಾದ ವೈಸರ್ ಅವರ ಲೇಖನವು ಗಣಕವು ಮೇಜಿನ ಮೇಲಿಂದ ಇಳಿದು ಗೋಡೆ, ಜೇಬು, ಕಾಗದ, ಬೋರ್ಡುಗಳಲ್ಲಿ ಹಂಚಿಹೋಗಬೇಕು, ಬಳಸುವವನ ಗಮನವನ್ನು ತನ್ನತ್ತ ಎಳೆಯದೆ ಹಿನ್ನೆಲೆಗೆ ಸರಿಯಬೇಕು ಎಂದು ವಾದಿಸಿತು. ಅಂಗೈಯಷ್ಟು ಚಿಕ್ಕದು, ಪುಸ್ತಕದಷ್ಟು ದೊಡ್ಡದು, ಗೋಡೆಯನ್ನು ತುಂಬುವಂಥದು, ಹೀಗೆ ಮೂರು ಅಳತೆಯ ಯಂತ್ರಗಳನ್ನು ಅವರು ಕೇವಲ ಕಲ್ಪಿಸಲಿಲ್ಲ, ಕಟ್ಟಿಯೂ ತೋರಿಸಿದರು. ಆಮೇಲೆ ಅದೇ ಕೇಂದ್ರದ ಜಾನ್ ಸೀಲಿ ಬ್ರೌನ್ ಅವರೊಂದಿಗೆ ಸೇರಿ ಶಾಂತ ತಂತ್ರಜ್ಞಾನ ಎಂಬ ವಿಚಾರವನ್ನು ಬೆಳೆಸಿದರು. ಅದಕ್ಕೆ ಅವರು ಕೊಟ್ಟ ಪ್ರಸಿದ್ಧ ನಿದರ್ಶನ ನಟಾಲಿ ಜೆರೆಮಿಜೆಂಕೊ ಎಂಬ ಕಲಾವಿದೆ ಮಾಡಿದ ಒಂದು ನೇತಾಡುವ ದಾರ: ಚಾವಣಿಯ ಮೋಟಾರಿಗೆ ಕಟ್ಟಿದ ಆ ಪ್ಲಾಸ್ಟಿಕ್ ದಾರವು ಕಚೇರಿಯ ನೆಟ್‌ವರ್ಕ್‌ನಲ್ಲಿ ಓಡಾಟ ಹೆಚ್ಚಾದಾಗ ಜೋರಾಗಿ ತಿರುಗುತ್ತಿತ್ತು, ಕಡಿಮೆಯಾದಾಗ ಅಲ್ಲಾಡುತ್ತಿತ್ತಷ್ಟೆ. ಕೆಲಸ ಮಾಡುವವರು ಅದನ್ನು ನೋಡುತ್ತ ಕೂರಬೇಕಿರಲಿಲ್ಲ, ಆದರೆ ಅದರ ಅರಿವು ಸದಾ ಇರುತ್ತಿತ್ತು. 1999ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ, ವೈಸರ್ ತೀರಿಕೊಂಡರು.

ಅವರ ನಂತರದ ಸಂಶೋಧನೆ ಹಲವು ಕವಲುಗಳಾಗಿ ಹರಿಯಿತು. ವ್ಯಕ್ತಿ ಎಲ್ಲಿದ್ದಾನೆ, ಸುತ್ತ ಏನಿದೆ ಎಂಬುದನ್ನು ಅರಿತು ತಾನಾಗಿ ವರ್ತಿಸುವ ಸಂದರ್ಭಪ್ರಜ್ಞೆಯ ಗಣಕದ ಮೇಲೆ 1994ರ ಸುಮಾರಿನಿಂದ ಬಹಳಷ್ಟು ಕೆಲಸ ನಡೆಯಿತು. ಬರ್ಕ್ಲಿಯಲ್ಲಿ ಕ್ರಿಸ್ ಪಿಸ್ಟರ್ ಧೂಳಿನ ಕಣದಷ್ಟು ಚಿಕ್ಕ ಸೆನ್ಸರ್‌ಗಳ ಕನಸು ಕಂಡರು. ಅಲ್ಲಿಯ ಗುಂಪುಗಳು ಕಟ್ಟಿದ ನಿಸ್ತಂತು ಸೆನ್ಸರ್ ಬಿಲ್ಲೆಗಳು 2002ರಲ್ಲಿ ಅಮೆರಿಕದ ಮೇನ್ ರಾಜ್ಯದ ಗ್ರೇಟ್ ಡಕ್ ದ್ವೀಪದಲ್ಲಿ ಕಡಲಹಕ್ಕಿಗಳ ಬಿಲಗಳನ್ನು ಸೇರಿದವು. ಕೊಡಗಿನ ದೃಷ್ಟಿಯಿಂದ ನನಗೆ ಇಡೀ ಇತಿಹಾಸದಲ್ಲಿ ಅತಿ ಮುಖ್ಯವಾಗಿ ಕಾಣುವುದು ಆ ದ್ವೀಪದ ಪ್ರಯೋಗವೇ. ಪ್ರಯೋಗಶಾಲೆಯ ಒಣ ಕೋಣೆಯಿಂದ ಹೊರಬಿದ್ದ ಗಣಕವು ಅಲ್ಲಿ ಮಂಜು, ಮಳೆ, ತೇವಗಳನ್ನು ಎದುರಿಸಿತು. ಕವಚದೊಳಗೆ ನೀರು ನುಗ್ಗಿ ಸೆನ್ಸರ್‌ಗಳು ತಪ್ಪು ಹೇಳತೊಡಗಿದವು. ಸೆನ್ಸರ್ ಕೆಟ್ಟು ಸುಮ್ಮನಾಗುವುದಕ್ಕಿಂತ, ಕೆಟ್ಟ ಮೇಲೂ ಧೈರ್ಯವಾಗಿ ಅಂಕಿ ಕಳಿಸುವುದು ಎಷ್ಟು ಅಪಾಯಕಾರಿ ಎಂಬ ಪಾಠ ಅಂದಿನಿಂದಲೂ ಈ ಕ್ಷೇತ್ರದಲ್ಲಿದೆ.

ನಮ್ಮ ತೋಟಕ್ಕೆ ಬಂದ ವ್ಯವಸ್ಥೆಯು ವೈಸರ್ ಅವರ ಮೊದಲ ಆಶಯವನ್ನು ಅಕ್ಷರಶಃ ಪಾಲಿಸಿತ್ತು. ಗಿಡಗಳ ನಡುವೆ ಬೂದುಬಣ್ಣದ ಪೆಟ್ಟಿಗೆಗಳು, ಪರವಾನಗಿ ಬೇಡದ ತರಂಗಪಟ್ಟಿಯಲ್ಲಿ ದೂರದವರೆಗೆ ಸಂಕೇತ ಕಳಿಸುವ ಲೋರಾ ರೇಡಿಯೊ, ಬಂಗಲೆಯ ಸೂರಿನ ಮೇಲೆ ಆ ಸಂಕೇತಗಳನ್ನು ಹಿಡಿದು ಮುಂದಕ್ಕೆ ಕಳಿಸುವ ಒಂದು ಗೇಟ್‌ವೇ, ಅಲ್ಲಿಂದ ಮೊಬೈಲ್ ಜಾಲದ ಮೂಲಕ ದೂರದ ಸರ್ವರ್. ಪೆಟ್ಟಿಗೆಯ ಮೇಲೆ ಪರದೆಯಿಲ್ಲ, ದೀಪವಿಲ್ಲ. ಬೆಳಿಗ್ಗೆ ಮಾಲೀಕರ ಫೋನಿಗೆ ಬರುತ್ತಿದ್ದದ್ದು ಒಂದೇ ಸಾಲು: ಇಂದು ಇಂಥ ಬ್ಲಾಕಿಗೆ ನೀರು ಬೇಕು, ಇಂಥದಕ್ಕೆ ಬೇಡ. ಮುಂದಿನ ಹಂತದಲ್ಲಿ ಪಂಪ್ ಕೂಡ ತಾನಾಗಿಯೇ ಶುರುವಾಗುವ ಯೋಜನೆಯಿತ್ತು. ಇಂಥ ಸರಳತೆಗೆ ಒಂದು ಆಕರ್ಷಣೆಯಿದೆ ಎಂಬುದನ್ನು ಒಪ್ಪಲೇಬೇಕು. ಹಗಲೆಲ್ಲ ತೋಟದಲ್ಲಿ ಸುತ್ತುವವರಿಗೆ ಮತ್ತೊಂದು ನಕ್ಷೆ, ಮತ್ತೊಂದು ಕೋಷ್ಟಕ ಬೇಡ.

ಕೆಲವು ವಾರ ಎಲ್ಲವೂ ಸರಿಯಾಗಿಯೇ ನಡೆಯಿತು. ಮಾರ್ಚ್‌ನ ಒಂದು ಸಂಜೆ ಗುಡುಗು ಸಹಿತ ಮಳೆಯಾಯಿತು. ಮರುದಿನ ಬೆಳಿಗ್ಗೆ ಬಂದ ಸಂದೇಶದ ಪ್ರಕಾರ ಕೆರೆಯ ಬದಿಯ ಬ್ಲಾಕಿಗೆ ಸ್ವಲ್ಪ ಮಳೆ ಬಿದ್ದಿದ್ದು, ಕೊರತೆಯ ನೀರನ್ನು ಅಲ್ಲಿಗೆ ಕೂಡಲೇ ಕೊಡಬೇಕಿತ್ತು. ದೇವರಕಾಡಿನ ಪಕ್ಕದ ಬ್ಲಾಕಿಗೆ ಏನೂ ಬಿದ್ದಿಲ್ಲವಾದ್ದರಿಂದ ಅದು ಹಿಂದಿನ ಸರದಿಯಲ್ಲೇ, ಅಂದರೆ ಎಲ್ಲಕ್ಕಿಂತ ಕೊನೆಗೆ, ಉಳಿಯಬೇಕಿತ್ತು. ಪೈಪು ಹೊರಿಸುವ ಮೊದಲು ಎಂದಿನಂತೆ ಒಂದು ಸುತ್ತು ಹಾಕಿ ಬಂದ ಮೇಸ್ತ್ರಿ ಮಾಲೀಕರ ಬಳಿ ಹೇಳಿದ್ದು ಬೇರೆ.

“ಸಾರ್, ದೇವರಕಾಡಿನ ಪಕ್ಕ ಕತ್ತಿ ಹಾಕಿ ನೋಡಿದೆ, ಮಣ್ಣು ಬೆರಳುದ್ದ ನೆಂದಿದೆ. ಫೋನು ಅಲ್ಲಿ ಮಳೆಯೇ ಇಲ್ಲ ಅಂತಿದೆ. ಸ್ಪ್ರಿಂಕ್ಲರ್ ಜೆಟ್ ಎಲ್ಲಿಗೆ ಹಾಕೋದು ಹೇಳಿ.”

ಮಾಲೀಕರು ಮೇಸ್ತ್ರಿಯ ಮಾತನ್ನು ನಂಬಿದರು. ಮಧ್ಯಾಹ್ನದ ಹೊತ್ತಿಗೆ ಪೈಪುಗಳು ದೇವರಕಾಡಿನ ಪಕ್ಕದ ಬ್ಲಾಕಿಗೆ ಹೋದವು, ಆ ಬ್ಲಾಕ್ ಚೆನ್ನಾಗಿ ಅರಳಿತು. ನಷ್ಟವಾಗಲಿಲ್ಲ ಎಂಬ ಕಾರಣಕ್ಕೆ ಇದನ್ನು ಸಣ್ಣ ಘಟನೆಯೆಂದು ಬಿಡಬಹುದಿತ್ತು. ಆದರೆ ಪೆಟ್ಟಿಗೆ ಬಿಚ್ಚಿ, ದಾಖಲೆಗಳನ್ನು ತರಿಸಿ ನೋಡಿದಾಗ ಕಂಡದ್ದು ಇಡೀ ಪ್ರಕರಣದ ಮೂಲವಾಯಿತು.

ಮಳೆಮಾಪಕದ ಆಲಿಕೆಯ ಬಾಯಿಗೆ ಒಣಗಿದ ಸಿಲ್ವರ್ ಓಕ್ ಎಲೆಗಳು ಸಿಕ್ಕಿಕೊಂಡು, ಅವುಗಳ ಮೇಲೆ ದೂಳು ಹೆಪ್ಪುಗಟ್ಟಿತ್ತು. ಬಿದ್ದ ನೀರು ಒಳಗಿಳಿಯದೆ ಅಂಚಿನಿಂದ ಚೆಲ್ಲಿಹೋಗಿತ್ತು. ನೆರಳಿನ ತೋಟದಲ್ಲಿ ಇದು ಅಪರೂಪದ ಸಂಗತಿಯೇನಲ್ಲ, ಯಾರಾದರೂ ಊಹಿಸಬಹುದಾದದ್ದೇ. ಹೆಚ್ಚು ಯೋಚಿಸಬೇಕಾದದ್ದು ಮಣ್ಣಿನ ಸೆನ್ಸರ್‌ನ ವಿಷಯ. ಅದೇ ಬ್ಲಾಕಿನ ತೇವಾಂಶದ ಸೆನ್ಸರ್ ಆ ಸಂಜೆ ಸರಿಯಾಗಿಯೇ ಏರಿಕೆ ತೋರಿಸಿತ್ತು. ಮಳೆಯೇ ಇಲ್ಲದಾಗ ತೇವ ಹಠಾತ್ತನೆ ಏರುವುದು ಅಸಾಧ್ಯವೆಂಬ ನಿಯಮದಂತೆ ಸರ್ವರಿನಲ್ಲಿದ್ದ ಪ್ರೋಗ್ರಾಂ ಆ ಏರಿಕೆಯನ್ನು ದೋಷವೆಂದು ಪರಿಗಣಿಸಿ ಅಳಿಸಿಹಾಕಿತ್ತು. ಅಂದರೆ ವ್ಯವಸ್ಥೆಯೊಳಗೆ ಎರಡು ಸಾಕ್ಷಿಗಳು ಪರಸ್ಪರ ವಿರುದ್ಧವಾಗಿ ನುಡಿದಿದ್ದವು. ತಪ್ಪು ಸಾಕ್ಷಿಯನ್ನು ನಂಬಿ, ಸರಿಯಾದದ್ದನ್ನು ಕೈಬಿಟ್ಟು, ಯಾವ ಅನುಮಾನವೂ ಇಲ್ಲವೆಂಬಂತೆ ಒಂದು ಸಾಲಿನ ತೀರ್ಪು ಫೋನಿಗೆ ಬಂದಿತ್ತು. ಮೇಸ್ತ್ರಿ ಕತ್ತಿಯಿಂದ ಕೆದಕಿ ಕಂಡದ್ದನ್ನು ಈ ವ್ಯವಸ್ಥೆಗೆ ತಿಳಿಸಲು ಯಾವ ದಾರಿಯೂ ಇರಲಿಲ್ಲ. ಪಂಪ್ ತಾನಾಗಿ ಶುರುವಾಗುವ ಎರಡನೆಯ ಹಂತ ಅಷ್ಟರಲ್ಲಿ ಜಾರಿಯಾಗಿದ್ದರೆ ಆ ಸುತ್ತು ಹಾಕುವ ರೂಢಿಯೇ ನಿಂತುಹೋಗುತ್ತಿತ್ತು ಎಂಬುದು ನನ್ನ ದೃಢ ಅಭಿಪ್ರಾಯ.

ಸಂಶೋಧನಾ ಲೋಕದಲ್ಲಿ ಈ ಸಮಸ್ಯೆಯನ್ನು ಗುರುತಿಸಿದವರು ಮೊದಲೇ ಇದ್ದರು. ಗ್ಲಾಸ್ಗೊದ ಮ್ಯಾಥ್ಯೂ ಚಾಮರ್ಸ್ ಮತ್ತು ಸಂಗಡಿಗರು 2003ರ ಸುಮಾರಿನಲ್ಲೇ, ವ್ಯವಸ್ಥೆಯ ಹೊಲಿಗೆಗಳನ್ನು ಮುಚ್ಚಿಡುವುದರ ಬದಲು ಅವನ್ನು ಬಳಕೆದಾರರಿಗೆ ಕಾಣುವಂತೆ, ಉಪಯೋಗಕ್ಕೆ ಬರುವಂತೆ ಇಡಬೇಕೆಂದು ವಾದಿಸಿದ್ದರು. ಸಂಕೇತ ಎಲ್ಲಿ ಸಿಗುವುದಿಲ್ಲ, ಅಳತೆ ಎಷ್ಟು ಅಸ್ಪಷ್ಟ ಎಂಬುದೂ ಮನುಷ್ಯನಿಗೆ ಉಪಯುಕ್ತ ಮಾಹಿತಿಯೇ. 2006ರಲ್ಲಿ ಇವಾನ್ ರಾಜರ್ಸ್ ಇನ್ನೂ ನೇರವಾಗಿ, ಎಲ್ಲವನ್ನೂ ಮನುಷ್ಯರ ಪರವಾಗಿ ಊಹಿಸಿ ಮಾಡಿಕೊಡುವ ಶಾಂತ ಗಣಕದ ಗುರಿಯನ್ನು ಬಿಟ್ಟು, ಮನುಷ್ಯರು ತಾವೇ ಚುರುಕಾಗಿ ಯೋಚಿಸಲು ಮತ್ತು ಮಾಡಲು ನೆರವಾಗುವ ಯಂತ್ರಗಳತ್ತ ಸಾಗಬೇಕೆಂದರು. ಮರುವರ್ಷ ಪಾಲ್ ಡೌರಿಶ್ ಮತ್ತು ಜೆನೆವೀವ್ ಬೆಲ್ ತೋರಿಸಿಕೊಟ್ಟದ್ದು, ಸರ್ವವ್ಯಾಪಿ ಕಂಪ್ಯೂಟಿಂಗ್ ಎಂಬುದು ಮುಂದೆಂದೋ ಬರಲಿರುವ ನಯವಾದ ನಾಳೆಯಲ್ಲ, ಈಗಾಗಲೇ ಬಂದಿದೆ, ಆದರೆ ಗೊಂದಲಮಯವಾಗಿ, ಊರೂರಿಗೆ ಬೇರೆಬೇರೆಯಾಗಿ ಬಂದಿದೆ ಎಂಬುದನ್ನು. ನೇತಾಡುವ ದಾರವನ್ನೂ ಈ ಬೆಳಕಿನಲ್ಲಿ ಮತ್ತೊಮ್ಮೆ ನೋಡಬೇಕು. ಅದು ತೀರ್ಪು ಕೊಡುತ್ತಿರಲಿಲ್ಲ. ನಡೆಯುತ್ತಿರುವುದನ್ನು ತೋರಿಸುತ್ತಿತ್ತು, ತೀರ್ಮಾನವನ್ನು ನೋಡುವವರಿಗೆ ಬಿಡುತ್ತಿತ್ತು. ವೈಸರ್ ಅವರ ಆಶಯದಿಂದ ಮರೆಯಾಗುವುದನ್ನು ಮಾತ್ರ ಎತ್ತಿಕೊಂಡು, ಬೇಕಾದಾಗ ಕಣ್ಣಮುಂದೆ ಬರುವುದನ್ನು ಕೈಬಿಟ್ಟದ್ದು ಆಮೇಲೆ ಉತ್ಪನ್ನ ಮಾಡಿದವರ ಆಯ್ಕೆ.

ಪುನಾರಚನೆಯಲ್ಲಿ ಮೊದಲು ಬದಲಾದದ್ದು ಸಂದೇಶ. ಈಗ ಅದು ಬ್ಲಾಕ್‌ವಾರು ಮಳೆಯನ್ನು ಸೆಂಟ್‌ನಲ್ಲೂ ಮಣ್ಣಿನ ತೇವ ಏರಿತೇ ಇಲ್ಲವೇ ಎಂಬುದನ್ನೂ ಒಟ್ಟಿಗೆ ಹೇಳುತ್ತದೆ. ಎರಡಕ್ಕೂ ತಾಳೆಯಾಗದಿದ್ದರೆ ತೀರ್ಪು ಕೊಡದೆ, ಆ ಬ್ಲಾಕಿಗೆ ಹೋಗಿ ನೋಡಿ ಎನ್ನುತ್ತದೆ. ನೋಡಿ ಬಂದದ್ದನ್ನು ಮೇಸ್ತ್ರಿ ಕನ್ನಡದಲ್ಲಿ ಮಾತಿನಲ್ಲೇ ದಾಖಲಿಸಬಹುದು, ಮತ್ತು ಆ ದಾಖಲೆಗೆ ಸೆನ್ಸರ್‌ಗಿಂತ ಹೆಚ್ಚಿನ ತೂಕವಿದೆ. ಲೆಕ್ಕಾಚಾರವೆಲ್ಲ ದೂರದ ಸರ್ವರಿನಿಂದ ಪಂಪ್‌ಹೌಸಿನ ಗೋಡೆಯ ಮೇಲಿನ ಚಿಕ್ಕ ಗಣಕಕ್ಕೆ ಬಂದಿದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ವಿದ್ಯುತ್ತು ಮತ್ತು ಫೋನು ಎರಡೂ ಇಲ್ಲದೆ ದಿನ ಕಳೆದ ಜಿಲ್ಲೆಯಲ್ಲಿ, ಇಂಟರ್‌ನೆಟ್ ಇದ್ದರೆ ಮಾತ್ರ ಬಾಯಿಬಿಡುವ ವ್ಯವಸ್ಥೆಯನ್ನು ಕಟ್ಟುವುದು ಸರಿಯಾದ ಎಂಜಿನಿಯರಿಂಗ್ ಅಲ್ಲ.

ಮಾಪಕವನ್ನೂ ಬದಲಿಸಲಾಯಿತು. ಈ ಬಗೆಯ ಯಂತ್ರದೊಳಗೆ ಏತದಂತೆ ಓಲಾಡುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ನಿಗದಿತ ನೀರು ತುಂಬಿದೊಡನೆ ಒಂದು ಬಟ್ಟಲು ಮಗುಚಿ ಇನ್ನೊಂದು ಮೇಲೆ ಬರುತ್ತದೆ, ಒಂದೊಂದು ಮಗುಚುವಿಕೆಯೂ ಒಂದು ಎಣಿಕೆ. ಹಳೆಯದು 0.2 ಮಿಲಿಮೀಟರ್‌ಗೆ ಮಗುಚುತ್ತಿತ್ತು. ಹೊಸದು ಇಂಚಿನ ನೂರನೆಯ ಒಂದು ಭಾಗಕ್ಕೆ, ಅಂದರೆ ಸರಿಯಾಗಿ ಒಂದು ಸೆಂಟ್‌ಗೆ, ಮಗುಚುತ್ತದೆ. ನಿಖರತೆಯ ದೃಷ್ಟಿಯಿಂದ ಇದು ದೊಡ್ಡ ವ್ಯತ್ಯಾಸವಲ್ಲ. ಆದರೆ ಈಗ ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಅಳತೆಯ ನೀರನ್ನು ಆಲಿಕೆಗೆ ನಿಧಾನವಾಗಿ ಸುರಿದು, ಟಕ್ ಟಕ್ ಎಂಬ ಸದ್ದನ್ನು ಎಣಿಸಿ, ಪರದೆಯ ಮೇಲಿನ ಅಂಕಿಯೊಂದಿಗೆ ಹೋಲಿಸಿ, ಮಾಪಕ ಸರಿಯಿದೆಯೇ ಎಂದು ತಾವೇ ಪರೀಕ್ಷಿಸಬಲ್ಲರು. ಇಪ್ಪತ್ತು ಸೆಂಟ್‌ಗೆ ಸಮನಾದ ನೀರು ಸುರಿದಾಗ ಸದ್ದು ಇಪ್ಪತ್ತು ಕೇಳಿ ಅಂಕಿ ಹದಿನೆಂಟು ತೋರಿಸಿದರೆ ತೊಡಕು ತಂತಿಯಲ್ಲಿದೆ. ಸದ್ದೇ ಹದಿನೆಂಟಾದರೆ ತೊಡಕು ಮಾಪಕದೊಳಗೇ: ಬಟ್ಟಲು ಓಲಾಡುವ ಕೀಲಿನಲ್ಲಿ ಕೆಸರು ಕೂತಿರಬಹುದು ಅಥವಾ ಇರುವೆ ಗೂಡು ಕಟ್ಟಿರಬಹುದು. ಹಿಂದೆ ಇದಕ್ಕಾಗಿ ಸಂಸ್ಥೆಯ ತಂತ್ರಜ್ಞರು ಬರುವವರೆಗೆ ಕಾಯಬೇಕಿತ್ತು. ನೆರಳು ಮರಗಳ ಕಪಾತಿಗೆ, ಅಂದರೆ ಕೊಂಬೆ ಸವರಲು, ಹೋಗುವ ಆಳುಗಳೇ ಆಲಿಕೆಯ ಮೇಲಿನ ಜಾಲರಿಯನ್ನೂ ಗುಡಿಸಿ ಬರುತ್ತಾರೆ, ಮತ್ತು ಅದು ಕೂಲಿಯ ಲೆಕ್ಕದಲ್ಲಿ ಒಂದು ಕೆಲಸವಾಗಿ ದಾಖಲಾಗುತ್ತದೆ. ಈ ಕೊನೆಯ ಸಂಗತಿಯನ್ನು ನಾನು ಒತ್ತಿ ಹೇಳಬಯಸುತ್ತೇನೆ, ಏಕೆಂದರೆ ಸೆನ್ಸರ್ ಜಾಲಗಳ ಬಗೆಗಿನ ಪ್ರಬಂಧಗಳಲ್ಲಿ ಬ್ಯಾಟರಿಯ ಆಯುಷ್ಯಕ್ಕೆ ಸಿಗುವ ಜಾಗದ ಒಂದಂಶವೂ ಜಾಲರಿ ಗುಡಿಸುವವರ ಕೂಲಿಗೆ ಸಿಗುವುದಿಲ್ಲ.

ವಿದ್ಯುತ್ತಿನ ವಿಷಯವೂ ತೋಟದ ಕ್ರಮಕ್ಕೇ ಹೊಂದಿಕೊಂಡಿತು. ದಟ್ಟ ನೆರಳಿನಲ್ಲಿ ಸೌರಫಲಕ ಅಷ್ಟಕ್ಕಷ್ಟೆ. ಜೂನ್ ಬಂತೆಂದರೆ ವಾರಗಟ್ಟಲೆ ಬಿಸಿಲೇ ಇಲ್ಲ. ಒದ್ದೆ ಎಲೆಗಳ ನಡುವೆ ರೇಡಿಯೊ ಸಂಕೇತವೂ ಸೊರಗುತ್ತದೆ. ವರ್ಷವಿಡೀ ನಡೆಯುವ ಜಾಲವನ್ನೇ ಏಕೆ ಬಯಸಬೇಕು ಎಂದು ಕೇಳಿದವರು ಮಾಲೀಕರು. ಹೂ ಅರಳಿದ ಮೇಲೆ ಬೇಕಾಗುವ ಎರಡನೆಯ ಮಳೆಯ, ಅಂದರೆ ಹಿಮ್ಮಳೆಯ, ನೀರು ಕೊಟ್ಟು ಮುಗಿದ ಮೇಲೆ ಸ್ಪ್ರಿಂಕ್ಲರ್ ಪೈಪುಗಳು ಶೆಡ್ಡಿಗೆ ಮರಳುವಂತೆ ಮಣ್ಣಿನ ಸೆನ್ಸರ್‌ಗಳೂ ಈಗ ಶೆಡ್ಡಿಗೆ ಮರಳುತ್ತವೆ. ಮುಂಗಾರಿನಲ್ಲಿ ಮಳೆಮಾಪಕಗಳು ಮಾತ್ರ ಹೊರಗಿರುತ್ತವೆ. ಎಲ್ಲೆಲ್ಲೂ ಎಲ್ಲ ಕಾಲಕ್ಕೂ ಇರುವ ಗಣಕ ಎಂಬ ಕಲ್ಪನೆಗೆ ಬೇಸಾಯದ ಋತುಚಕ್ರ ಹಾಕುವ ಈ ಮಿತಿ ನನಗೆ ಅತ್ಯಂತ ವಿವೇಕದ್ದಾಗಿ ಕಾಣುತ್ತದೆ.

ಇನ್ನೊಂದು ಪ್ರಸ್ತಾಪ ಈ ತೋಟದಲ್ಲಿ ಜಾರಿಯಾಗಲಿಲ್ಲ. ಲೈನ್ ಮನೆಗಳಲ್ಲಿ ವಾಸಿಸುವ ಕಾರ್ಮಿಕರಿಗೆ ಕೊರಳಲ್ಲಿ ಧರಿಸುವ ಟ್ಯಾಗ್ ಕೊಟ್ಟು, ಯಾರು ಯಾವ ಬ್ಲಾಕಿನಲ್ಲಿ ಎಷ್ಟು ಹೊತ್ತು ಇದ್ದರೆಂದು ಅದೇ ಜಾಲದ ಮೂಲಕ ದಾಖಲಿಸಬಹುದೆಂದು ಸಂಸ್ಥೆ ಸೂಚಿಸಿತ್ತು. 1990ರ ಆಸುಪಾಸಿನಲ್ಲಿ ಕೇಂಬ್ರಿಜ್‌ನ ಒಲಿವೆಟ್ಟಿ ಪ್ರಯೋಗಶಾಲೆಯಲ್ಲಿ ಸಿದ್ಧವಾದ ಬ್ಯಾಡ್ಜ್ ಕೂಡ ಅತಿಗೆಂಪು ಸಂಕೇತದಿಂದ ವ್ಯಕ್ತಿ ಯಾವ ಕೋಣೆಯಲ್ಲಿದ್ದಾನೆಂದು ಹೇಳುತ್ತಿತ್ತು. ಅಲ್ಲಿ ಅದನ್ನು ಮೊದಲು ಧರಿಸಿದವರು ಆ ಪ್ರಯೋಗಶಾಲೆಯ ಸಿಬ್ಬಂದಿಯೇ, ಬೇಡವೆನಿಸಿದರೆ ಕಳಚಿಡಬಲ್ಲವರು. ದಿನಗೂಲಿಯ ಮೇಲೆ ನಿಂತಿರುವ ಯರವ ಬುಡಕಟ್ಟಿನ ಕುಟುಂಬವೊಂದಕ್ಕೆ ಅಥವಾ ಅಸ್ಸಾಮಿನಿಂದ ಬಂದ ಕಾರ್ಮಿಕನಿಗೆ ಆ ಸ್ವಾತಂತ್ರ್ಯವಿದೆಯೇ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಉದ್ಯೋಗಕ್ಕೆ ಸಂಬಂಧಿಸಿದ ಕೆಲವು ಉದ್ದೇಶಗಳಿಗೆ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು ಅವಕಾಶ ಕೊಡುವುದರಿಂದ, ಇಂಥಲ್ಲಿ ಕಾನೂನನ್ನು ಮಾತ್ರ ನೆಚ್ಚಿಕೊಂಡು ಕೂರುವಂತಿಲ್ಲ. ಮಾಲೀಕರು ಆ ಭಾಗವನ್ನು ಒಪ್ಪಂದದಿಂದ ತೆಗೆಸಿದರು. ಮಣ್ಣನ್ನು ಅಳೆಯಲು ತಂದ ಜಾಲ ಮನುಷ್ಯರನ್ನು ಅಳೆಯುವತ್ತ ಜಾರುವುದು ಈ ತಂತ್ರಜ್ಞಾನದಲ್ಲಿ ಬಹಳ ಸುಲಭ.

ಸಂಶೋಧನೆ ಮುಂದೆ ಯಾವ ಕಡೆ ಸಾಗಬೇಕು ಎಂಬುದನ್ನು ಈ ತೋಟದಿಂದ ನೋಡಿದರೆ ಕೆಲವು ದಿಕ್ಕುಗಳು ಸ್ಪಷ್ಟವಾಗುತ್ತವೆ. 2012ರಲ್ಲಿ ಗ್ರೆಗರಿ ಅಬೌಡ್ ಸರ್ವವ್ಯಾಪಿ ಕಂಪ್ಯೂಟಿಂಗ್ ಇನ್ನು ಪ್ರತ್ಯೇಕ ಕ್ಷೇತ್ರವಾಗಿ ಉಳಿಯದೆ ಇಡೀ ಗಣಕ ವಿಜ್ಞಾನದಲ್ಲಿ ಕರಗಿಹೋಗುತ್ತಿದೆ ಎಂದಿದ್ದರು. ಇಂದು ವಸ್ತುಗಳ ಅಂತರ್ಜಾಲ, ಧರಿಸುವ ಗಣಕ, ಸಾಧನದಲ್ಲೇ ನಡೆಯುವ ಯಂತ್ರಕಲಿಕೆ ಎಂಬ ಹೆಸರುಗಳಲ್ಲಿ ಅದರ ಕೆಲಸ ಮುಂದುವರಿದಿದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ 2013ರಲ್ಲಿ ತೋರಿಸಿದಂತೆ, ಸುತ್ತಲಿನ ಟಿವಿ ಪ್ರಸಾರದ ತರಂಗಗಳನ್ನೇ ಪ್ರತಿಫಲಿಸಿ ಬ್ಯಾಟರಿಯಿಲ್ಲದೆ ಸಂವಹನ ನಡೆಸುವ ಸಾಧನಗಳು ಸಾಧ್ಯ. ನೆರಳಿನ ತೋಟದಲ್ಲಿ ಬ್ಯಾಟರಿ ಬದಲಿಸುವ ಶ್ರಮವನ್ನು ಬಲ್ಲವರಿಗೆ ಇದು ಆಶಾದಾಯಕ; ಆದರೆ ಟಿವಿ ಗೋಪುರಗಳು ದೂರವಿರುವ ಗುಡ್ಡಗಾಡಿನಲ್ಲಿ ಅಂಥ ತರಂಗಗಳೇ ದುರ್ಬಲ. ನಗರದ ಪ್ರಯೋಗಶಾಲೆಯಲ್ಲಿ ಗೆದ್ದ ವಿಧಾನ ಇಲ್ಲಿಗೆ ಹಾಗೆಯೇ ಇಳಿಯುವುದಿಲ್ಲ. ಸಾಧನದಲ್ಲೇ ನಡೆಯುವ ಯಂತ್ರಕಲಿಕೆ ಇದಕ್ಕಿಂತ ಹತ್ತಿರದ್ದು. ಅದರಿಂದ ಬೇಕಾದದ್ದು ಇನ್ನಷ್ಟು ಚುರುಕಾದ ತೀರ್ಪಲ್ಲ, ತನ್ನ ಅಂಕಿ ಯಾವಾಗ ನಂಬಲರ್ಹವಲ್ಲ ಎಂದು ತಾನೇ ಗುರುತಿಸಿ ಹೇಳುವ ಸಾಮರ್ಥ್ಯ.

ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಆಯುಷ್ಯದ ಪ್ರಶ್ನೆ. ಮಳೆಯ ಡೈರಿಯೊಂದು ಅಜ್ಜನ ಕಾಲದಿಂದ ಮೊಮ್ಮಗನ ಕಾಲದವರೆಗೆ ಓದಲು ಸಿಗುತ್ತದೆ. ಸೆನ್ಸರ್‌ನ ದಾಖಲೆಯಾದರೋ ಸಂಸ್ಥೆ ಚಂದಾ ದರ ಏರಿಸಿದ ದಿನ, ಸರ್ವರ್ ನಿಲ್ಲಿಸಿದ ದಿನ ಇಲ್ಲವಾಗುತ್ತದೆ. ಹವಾಮಾನ ಬದಲಾಗುತ್ತಿರುವಾಗ ಬ್ಲಾಕ್‌ವಾರು ಮಳೆಯ ದೀರ್ಘ ದಾಖಲೆಗೆ ಬೆಲೆ ಕಟ್ಟಲಾಗದು, ಚೆಟ್ಟಳ್ಳಿಯಂಥ ಕಾಫಿ ಸಂಶೋಧನಾ ಉಪಕೇಂದ್ರಗಳಿಗೂ ಅದು ಬೇಕಾಗುತ್ತದೆ. ಆದುದರಿಂದ ಈ ತೋಟದಲ್ಲಿ ಪಂಪ್‌ಹೌಸಿನ ಗಣಕವು ದಿನದ ಅಂಕಿಗಳನ್ನು ಯಾವ ಪ್ರೋಗ್ರಾಮಿನಿಂದಲಾದರೂ ತೆರೆಯಬಹುದಾದ ಸರಳ ಕಡತದಲ್ಲಿ ಉಳಿಸುತ್ತದೆ, ಮತ್ತು ರೈಟರ್ ಅವನ್ನು ಹಳೆಯ ಡೈರಿಯಲ್ಲೂ ಬರೆಯುತ್ತಾರೆ.

ಪಂಪ್ ತಾನಾಗಿ ಶುರುವಾಗುವ ಯೋಜನೆಯನ್ನು ಕೈಬಿಡಲಾಗಿದೆ. ಅಕ್ಕಪಕ್ಕದ ತೋಟಗಳೊಂದಿಗೆ ಅಳತೆಗಳನ್ನು ಹಂಚಿಕೊಳ್ಳುವ ಮಾತು ಈಗ ನಡೆಯುತ್ತಿದೆ, ಏಕೆಂದರೆ ಮೋಡ ಬೇಲಿ ನೋಡಿ ಬರುವುದಿಲ್ಲ ಮತ್ತು ಒಂದು ಮಾಪಕದ ಬಾಯಿ ಕಟ್ಟಿಕೊಂಡರೆ ಅದನ್ನು ಪತ್ತೆ ಹಚ್ಚಲು ಬೇಲಿಯಾಚೆಯ ಮಾಪಕವೇ ಅತ್ಯುತ್ತಮ ಸಾಕ್ಷಿ. ಬ್ಲಾಕ್‌ವಾರು ಸೆಂಟ್‌ಗಳನ್ನು ಮಾತ್ರ ಹಂಚುವುದು, ಫಸಲು, ಕೂಲಿ ಮತ್ತು ನೀರಿನ ಲೆಕ್ಕಗಳನ್ನು ಆಯಾ ತೋಟದಲ್ಲೇ ಇಟ್ಟುಕೊಳ್ಳುವುದು ಎಂಬಲ್ಲಿಗೆ ಒಮ್ಮತ ಬಂದಿದೆ. ಎಲ್ಲ ತೋಟಗಳ ಮಾಪಕಗಳನ್ನೂ ಹೂಮಳೆಯ ಕಾಲಕ್ಕೆ ಮುನ್ನ, ಜನವರಿಯಲ್ಲಿ, ಅಳತೆಯ ನೀರು ಸುರಿದು ಒಂದೇ ಕ್ರಮದಲ್ಲಿ ಪರೀಕ್ಷಿಸುವುದು ಯಾರ ಹೊಣೆ ಎಂಬುದಷ್ಟೇ ಇನ್ನು ತೀರ್ಮಾನವಾಗಬೇಕಿದೆ.